ಮಾವನ ಮನೆಯ ಫ್ರೆಂಚ್ ಹುಡುಗಿ

ನಮ್ಮ ಸೋದರಮಾವ ಎಪ್ಪತ್ತು ದಾಟಿದ ಮೇಲೆ ಮನೆಯಲ್ಲಿ ಒಬ್ಬಳು ಫ್ರೆಂಚ್ ಹುಡುಗಿಯನ್ನು ಇಟ್ಟುಕೊಂಡಿದ್ದಾರೆ! ಗಾಬರಿಯಾಗಬೇಡಿ. ಬಸ್ತಿಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಪಿಸುಮಾತಿನಲ್ಲೇನೂ ಹೇಳುವುದಿಲ್ಲ. ಬೆಳಗ್ಗೆ ಮಾವ ಹಾಲು ಕರೆಯುವಾಗ ಅವಳು ಕೊಟ್ಟಿಗೆಯಲ್ಲಿರುತ್ತಾಳೆ, ಬಿಸಿಲೇರಿದಾಗ ತೆಂಗಿನ ತೋಟದಲ್ಲಿ, ಊಟದ ಹೊತ್ತಿಗೆ ಅಡಿಗೆಮನೆಯ ಕಿಟಕಿಯಲ್ಲಿ. ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ ಅಂತೆ. ನೀವು ಮೂಗಿನ ಮೇಲೆ ಬೆರಳಿಡುವ ಮುಂಚೆ ಹೇಳಿಬಿಡುತ್ತೇನೆ, ಅವಳಿರುವುದು ಅಂಗೈಯಗಲದ ಒಂದು ಸ್ಪೀಕರ್ ಡಬ್ಬದೊಳಗೆ. ಅದಕ್ಕೆ ಚುಚ್ಚಿದ ಪೆನ್‌ಡ್ರೈವಿನಲ್ಲಿ ಅವಳದೊಂದು ಆಲ್ಬಮ್ ಇದೆ. ಹತ್ತು ಹಾಡು. ಹೋದ ಮಾಗಿಯವರೆಗೂ ಮಾವ ಕೇಳುತ್ತಿದ್ದದ್ದು ಒಂಬತ್ತೇ. ಹತ್ತನೆಯದು ಶುರುವಾಗುವ ಮುಂಚೆ, ಕೈಯಲ್ಲಿ ಏನೇ ಕೆಲಸವಿರಲಿ, ಓಡಿ ಬಂದು ಡಬ್ಬ ಆರಿಸುತ್ತಿದ್ದರು.

ಯಾಕೆ? ಅದನ್ನು ಹೇಳಬೇಕಾದರೆ ಮೊದಲು ಮಾವ ಯಾರು ಅನ್ನುವುದನ್ನು ಹೇಳಬೇಕು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಹಳೇಬೀಡು ಸುತ್ತಿನ ಅರ್ಧ ಜನಕ್ಕೆ ತಮ್ಮ ಮನೆಯ ಸಾವು ನೆನಪಾಗುತ್ತದೆ. ಮಾವ ಭಜನೆ ಮೇಳದ ಯಜಮಾನರು. ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಮೊದಲು ನೆಂಟರಿಗೆ ಹೇಳಿ ಕಳಿಸುತ್ತಾರೆ, ಮರುಕ್ಷಣವೇ ಭಜನೆಯವರಿಗೆ. ಹಾರ್ಮೋನಿಯಂ, ತಾಳ, ದಮ್ಮಡಿ ಹಿಡಿದು ಅವರು ಬಂದು ಹೆಣದ ಎದುರು ಕೂತು ಪದ ಶುರುಮಾಡಿದರೆ, ಮಣ್ಣಿಗೆ ಎತ್ತುವವರೆಗೂ ನಿಲ್ಲಿಸುವಂತಿಲ್ಲ. ಎತ್ತುವ ಹೊತ್ತಾಯಿತು ಎಂದಾಗ ಕೊನೆಗೆ ಮಂಗಳ ಹಾಡುತ್ತಾರೆ. ಮಂಗಳ ಮುಗಿಯಿತೋ, ಹೆಗಲು ಕೊಡುವವರು ಏಳುತ್ತಾರೆ. ಅದು ಹಾಡುವವರೆಗೂ ಹೋದವರು ಮನೆಯಲ್ಲೇ ಇದ್ದ ಹಾಗೆ.

ಇಂಥ ಅಧಿಕಾರ ಕೈಯಲ್ಲಿದ್ದ ಮನುಷ್ಯ ಸುಮ್ಮನಿರುತ್ತಾರೆಯೇ? ಒಮ್ಮೆ ಹಗರೆ ಹತ್ತಿರದ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬರು ತೀರಿಕೊಂಡಿದ್ದರು. ಮಗಳು ಬರಬೇಕು, ಅವಳು ಕೂತ ಬಸ್ಸು ಬಿಕ್ಕೋಡಿನಲ್ಲಿ ಕೆಟ್ಟು ನಿಂತಿದೆ. ಊರಿನ ಹಿರಿಯರು ಆಕಾಶ ನೋಡುತ್ತಾ, "ಹೊತ್ತು ಮುಳುಗ್ತಾ ಐತೆ, ಮಂಗಳ ಹಾಡಿ ಸ್ವಾಮಿ" ಎಂದರು. ಮಾವ, "ಪದ ಇನ್ನೂ ಅವೆ" ಎಂದರು. ಬರುವ ಪದಗಳನ್ನೆಲ್ಲ ಹಾಡಿದರು. ಅವು ಮುಗಿದ ಮೇಲೆ ಅಲ್ಲೇ ಕಟ್ಟಿ ಹಾಡತೊಡಗಿದರು. ಮುದುಕಿ ನೀರು ಸೇದಿದ ಬಾವಿ, ಅಂಗಳದ ಹಲಸಿನಮರ, ಅವಳು ಕಡೆದ ಮಜ್ಜಿಗೆ, ಎಲ್ಲವೂ ಪದವಾಯಿತು. ಗುಂಡಿ ತೋಡಿದವರು ಎದ್ದು ಹೋಗಿ ಮತ್ತೊಂದು ಸುತ್ತು ಟೀ ಕುಡಿದು ಬಂದರು. ಕೊನೆಗೆ ಮಗಳು ಬಂದು, ತಾಯಿಯ ಮುಖ ಮುಟ್ಟಿ, ಅತ್ತು ಮುಗಿಸಿದ ಮೇಲೆಯೇ ಮಂಗಳ. ಆಮೇಲೆ ಒಬ್ಬ ಹಿರಿಯರು ಮಾವನಿಗೆ, "ಇನ್ನೊಂದು ಗಳಿಗೆ ಎಳೆದಿದ್ರೆ ಮುದುಕೀನೇ ಎದ್ದು ಕೂತು, ಸಾಕು ನಿಲ್ಸಪ್ಪ ಅಂತಿದ್ಲು" ಎಂದರಂತೆ!

ಮಾವನದು ಇನ್ನೊಂದು ಕಟ್ಟುಪಾಡು. ಸಾವಿನ ಮನೆಯಲ್ಲಿ ಶುರುಮಾಡಿದ ಪದವನ್ನು ನಡುವೆ ಬಿಡುವಂತಿಲ್ಲ. ಬಿಟ್ಟರೆ ಹೋದವರು ನಡುದಾರಿಯಲ್ಲಿ ನಿಂತುಬಿಡುತ್ತಾರೆ ಎಂದು ಅವರ ನಂಬಿಕೆ. ಒಂದು ಊರಿನಲ್ಲಿ ಹಾಡುತ್ತಿದ್ದಾಗ ಚಪ್ಪರವೇ ಕಳಚಿ ಮೇಳದ ಮೇಲೆ ಬಿತ್ತಂತೆ. ಜನ ತೆಂಗಿನ ಗರಿ ಎತ್ತಿ ಎತ್ತಿ ಬಿಸಾಡುತ್ತಿದ್ದರೆ ಗರಿಗಳ ಅಡಿಯಿಂದ ಪದ ಕೇಳುತ್ತಲೇ ಇತ್ತಂತೆ. ಇದನ್ನು ಹೇಳಿದವರು ತಾಳದಣ್ಣ. ಅವರು ಹಗರೆಯವರು, ಮಾವನ ಬಾಲ್ಯದ ಗೆಳೆಯ, ಮೇಳದಲ್ಲಿ ತಾಳ ಹಾಕುವವರು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ತಾಳದಣ್ಣ ಹೇಳಿದ್ದರಲ್ಲಿ ಅರ್ಧ ಕಳೆದು ನಂಬಬೇಕು. ಆದರೆ ಅರ್ಧ ಚಪ್ಪರ ಬಿದ್ದರೂ ಕಡಿಮೆಯೇನಲ್ಲ.

ಇನ್ನು ಈ ಹುಡುಗಿ ಬಂದ ಕಥೆ. ನಾನು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯ ಸೊಸೆ. ನನ್ನ ಮಗಳು ಪಿಯುಸಿಯಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡಳು. ಆ ಭಾಷೆಯ ಮೇಲೆ ಪ್ರೀತಿಯೇ? ಖಂಡಿತ ಇಲ್ಲ. ಅದರಲ್ಲಿ ನೂರಕ್ಕೆ ನೂರು ಬೀಳುತ್ತದೆ ಎಂದು ಯಾರೋ ಹೇಳಿದ್ದರು. ಬಿತ್ತು ಕೂಡ. ಈಗಲೂ ಅವಳಿಗೆ ಫ್ರೆಂಚಿನಲ್ಲಿ ನೀರು ಕೇಳಲು ಬರುವುದಿಲ್ಲ. ಕಿವಿ ಪಳಗಲಿ, ಹಾಡು ಕೇಳಿ ಎಂದು ಕಾಲೇಜಿನಲ್ಲಿ ಹೇಳಿದ್ದರಿಂದ ಈ ಹೊಸ ಗಾಯಕಿಯ ಆಲ್ಬಮ್ ಹಾಕಿಕೊಂಡು, ಅದೇ ಡಬ್ಬದೊಂದಿಗೆ ರಜೆಗೆ ನನ್ನ ಜೊತೆ ಬಸ್ತಿಹಳ್ಳಿಗೆ ಬಂದಳು.

ಆಗ ಅತ್ತೆ, ಅಂದರೆ ಮಾವನ ಹೆಂಡತಿ, ಹಾಸಿಗೆ ಹಿಡಿದಿದ್ದರು. ಹೊಟ್ಟೆಯೊಳಗಿನ ಕಾಯಿಲೆ. ಹಾಸನದ ಡಾಕ್ಟರು, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಹಾಗೆಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು, ಅತ್ತೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮಾವ ಬೇಸರ ಕಳೆಯಲೆಂದು ಅವರ ಮಂಚದ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಒಂದು ಪದ ಎತ್ತಿದರು. ಅತ್ತೆ ಕೈಯೆತ್ತಿ ನಿಲ್ಲಿಸಿದರು.

"ನೀವು ಹಾಡಿದ್ರೆ, ನಾನಾಗಲೇ ಹೋದ್ನೇನೋ ಅಂತ ನಂಗೇ ಅನುಮಾನ ಬತ್ತದೆ ಕಣ್ರೀ!"

ನಾವೆಲ್ಲ ನಕ್ಕೆವು. ಮಾವ ಮಾತ್ರ ನಗಲಿಲ್ಲ, ಹಾರ್ಮೋನಿಯಂ ಮುಚ್ಚಿ ಹೊರಗೆ ಹೋದರು. ಅತ್ತೆ ನನ್ನ ಮಗಳನ್ನು ಕರೆದು, "ನಿನ್ನ ಹುಡುಗಿ ಪದ ಹಾಕವ್ವ. ಅರ್ಥ ಆಗಲ್ಲ, ಅದೇ ಸುಖ. ನಿಮ್ಮಜ್ಜ ಹಾಡೋದೆಲ್ಲ ಅರ್ಥ ಆಯ್ತದೆ. ಗೂಡು ಬಿಡು, ಗಂಟು ಬಿಡು, ಎಲ್ಲಾ ಬಿಡು. ಬಿಡ್ತೀನಿ, ಅದಕ್ಕೇನು ಅವಸರ?" ಎಂದರು.

ಅಂದಿನಿಂದ ಆ ಮನೆಯಲ್ಲಿ ಫ್ರೆಂಚ್ ಹುಡುಗಿಯ ರಾಜ್ಯಭಾರ ಶುರುವಾಯಿತು. ಮೊದಲ ದಿನಗಳಲ್ಲಿ ಮಾವ ಅವಳನ್ನು ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. "ಶ್ರುತಿ ಸರಿಯಾಗೈತೆ, ಉಸಿರು ಸಾಲ್ದು. ಹೊಟ್ಟೆಗೆ ಏನೂ ತಿನ್ನಲ್ಲ ಅಂತ ಕಾಣ್ತದೆ ಈ ಮಗು" ಎಂದು ತೀರ್ಪು ಕೊಟ್ಟರು. "ಮುದ್ದೆ ಉಂಡೋರೇ ಹಾಡಬೇಕಾ?" ಎಂದರು ಅತ್ತೆ. ಒಂದು ವಾರದಲ್ಲಿ ಇಬ್ಬರೂ ಸೇರಿ ಹಾಡುಗಳಿಗೆಲ್ಲ ಹೆಸರಿಟ್ಟಿದ್ದರು. ಮೊದಲನೆಯದು ಗುಂಯ್ ಎಂದು ಶುರುವಾಗುವುದರಿಂದ ಬೋರ್‌ವೆಲ್ ಪದ. ಮೂರನೆಯದರಲ್ಲಿ ಏನೋ ಚಟಪಟ ಸದ್ದು ಬರುವುದರಿಂದ ಒಗ್ಗರಣೆ ಪದ. ಐದನೆಯದರಲ್ಲಿ ಅವಳು ಹಾಡುವುದು ಬಿಟ್ಟು ಸರಸರ ಮಾತಾಡುತ್ತಾಳೆ, ಅದು ಸೊಸೆ ಮುನಿಸಿನ ಪದ. "ಅತ್ತೆ ಏನೋ ಅಂದವ್ಳೆ, ಈ ಹುಡುಗಿ ತಿರುಗಿಸಿ ಕೊಡ್ತಾ ಅವ್ಳೆ" ಎಂದು ಅತ್ತೆ ಖುಷಿಪಡುತ್ತಿದ್ದರು. ಒಂಬತ್ತನೆಯದು ನಿಧಾನದ್ದು, ತೊಟ್ಟಿಲು ತೂಗಿದ ಹಾಗಿರುತ್ತದೆ. ಅಷ್ಟು ಹೊತ್ತಿಗೆ ಅತ್ತೆಗೆ ಜೋಂಪು ಹತ್ತುತ್ತಿತ್ತು. ಎಚ್ಚರವಾದೀತೆಂದು ಮಾವ ಅಲ್ಲಿಗೇ ಡಬ್ಬ ಆರಿಸುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಹತ್ತನೆಯದನ್ನು ಇಬ್ಬರೂ ಕೇಳಿರಲಿಲ್ಲ.

ಒಂದು ಬೆಳಗ್ಗೆ ಹಾಗೆಯೇ ಒಂಬತ್ತನೆಯದು ಮುಗಿಯಿತು. ಅತ್ತೆ ಮಲಗಿದ್ದಾರೆಂದು ಮಾವ ಡಬ್ಬ ಆರಿಸಿ, ಹೊದಿಕೆ ಸರಿಮಾಡಿ, ಹಸುವಿಗೆ ಹುಲ್ಲು ಹಾಕಲು ಹೋದರು. ಬಂದು ನೋಡಿದಾಗ ಅತ್ತೆ ಮಲಗಿರಲಿಲ್ಲ, ಹೋಗಿಬಿಟ್ಟಿದ್ದರು.

ಮೇಳದವರು ಕರೆಯದೇ ಬಂದರು. ತಾಳದಣ್ಣ ಬಂದರು. ಹಾರ್ಮೋನಿಯಂ ಮಾವನ ಮುಂದೆ ಇಟ್ಟರು. ಮಾವ ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು ಅಷ್ಟೇ, ಉಳಿದವರು ಹಾಡಿದರು. ಕೊನೆಗೆ ಎಲ್ಲ ಸಿದ್ಧವಾಗಿ ಮಂಗಳದ ಹೊತ್ತು ಬಂದಾಗ ಎಲ್ಲರೂ ಮಾವನ ಮುಖ ನೋಡಿದರು. ಮಂಗಳ ಯಜಮಾನನೇ ಹಾಡಬೇಕು. ಮಾವ ಎದ್ದು, ಯಾರ ಮುಖವನ್ನೂ ನೋಡದೆ ತೋಟಕ್ಕೆ ನಡೆದುಬಿಟ್ಟರು. ತಾಳದಣ್ಣನೇ ಒಡಕು ದನಿಯಲ್ಲಿ ಮಂಗಳ ಹಾಡಿ ಮುಗಿಸಿದರು. ಊರಿಗೆಲ್ಲ ಹಾಡಿದವನು ಹೆಂಡತಿಗೆ ಹಾಡಲಿಲ್ಲ ಎಂದು ಜನ ಆಡಿಕೊಂಡರು. ನನಗೂ ಸಿಟ್ಟು ಬಂದಿತ್ತು. ತಿಥಿ ಮುಗಿದ ಮೇಲೆ ನೇರವಾಗಿ ಕೇಳಿಯೇಬಿಟ್ಟೆ.

"ಯಾಕೆ ಮಾವ ಹೀಗ್ ಮಾಡಿದ್ರಿ?"

"ನಡುವೆ ಗಂಟಲು ಕಟ್ಟಿದ್ರೆ? ಅರ್ಧ ಹಾಡಿದ ಮಂಗಳ ಇಟ್ಕಂಡು ಅವಳು ಎಲ್ಲಿಗ್ ಹೋಗ್ತಾಳೆ ಕಣವ್ವ?"

ಅಂದಿನಿಂದ ಮಾವ ಯಾರ ಮನೆಯಲ್ಲೂ ಮಂಗಳ ಹಾಡಲಿಲ್ಲ. ಮೇಳದ ಜೊತೆ ಹೋಗುತ್ತಿದ್ದರು, ಪದ ಹಾಡುತ್ತಿದ್ದರು, ಮಂಗಳ ಬಂದರೆ ತಾಳದಣ್ಣನ ಕಡೆಗೆ ಕೈ ತೋರಿಸಿ ಕೂತುಬಿಡುತ್ತಿದ್ದರು. ಡಬ್ಬವನ್ನು ನನ್ನ ಮಗಳಿಂದ ಕೇಳಿ ಇಸಿದುಕೊಂಡರು. ಹತ್ತನೆಯ ಹಾಡೂ ಮಂಗಳವೇ ಎಂದು ಅವರ ಲೆಕ್ಕ. ಅದು ಆದಮೇಲೆ ಎತ್ತಿಬಿಡುತ್ತಾರಲ್ಲ! ಆದ್ದರಿಂದ ಎರಡು ವರ್ಷ ಅದನ್ನು ಹಾಡಗೊಡಲಿಲ್ಲ.

ಇದು ನೆಂಟರಿಗೆಲ್ಲ ತಮಾಷೆಯಾಯಿತು. ತಮಾಷೆ ಮಾಡುವಂಥದ್ದೇ ನಡೆಯುತ್ತಿತ್ತು ಅನ್ನಿ. ಒಮ್ಮೆ ನಾನು ಹೋದಾಗ ಮಾವ ಬಚ್ಚಲಲ್ಲಿದ್ದರು, ಡಬ್ಬ ಜಗುಲಿಯ ಮೇಲೆ ಹಾಡುತ್ತಿತ್ತು. ಒಂಬತ್ತನೆಯದರ ಕೊನೆಯ ಸಾಲು ಬಂದದ್ದೇ ತಡ, ಬಚ್ಚಲಿನ ಬಾಗಿಲು ಧಡಾರನೆ ತೆರೆದು, ಸೊಂಟಕ್ಕೊಂದು ಟವೆಲ್ಲು, ತಲೆತುಂಬ ಸೋಪಿನ ನೊರೆ, ಕಣ್ಣು ಮುಚ್ಚಿಕೊಂಡೇ ಓಡಿ ಬಂದರು! ಎರಡು ತೆಂಗಿನಕಾಯಿ ಕೇಳಲು ಬಂದಿದ್ದ ಪಕ್ಕದ ಮನೆಯ ಹೆಂಗಸು ಕಿರುಚಿಕೊಂಡರು. ಮಾವ ತಡಕಾಡಿ ಡಬ್ಬ ಆರಿಸಿ, "ಯಾರದು ಕೂಗಿದ್ದು? ಏನಾಯ್ತು?" ಎಂದು ಬಹಳ ಗಾಂಭೀರ್ಯದಿಂದ ಕೇಳಿದರು. ಇನ್ನೊಮ್ಮೆ ಬೇಲೂರಿನ ಬಸ್ಸಿನಲ್ಲಿ ಡಬ್ಬ ಹಚ್ಚಿಕೊಂಡು ಕೂತಿದ್ದರಂತೆ. ಕಂಡಕ್ಟರು ಬಂದು, "ಅಜ್ಜ, ಇದೇನು ನಿಮ್ಮ ವಯಸ್ಸಿಗೆ ಇಂಥ ಪದ? ದೇವರ ನಾಮ ಹಾಕಿ" ಎಂದ. "ಶುರುವಾದ ಪದ ನಡುವೆ ನಿಲ್ಸಂಗಿಲ್ಲ ಕಣಪ್ಪ. ನೀನು ಬೇಕಾದ್ರೆ ಬಸ್ ನಿಲ್ಸು" ಎಂದರಂತೆ ಮಾವ.

ಹಾಡುಗಳ ಅರ್ಥ ಹೇಳುತ್ತೇನೆಂದು ನನ್ನ ಮಗಳು ಮುಂದೆ ಬಂದಳು. ನೂರಕ್ಕೆ ನೂರು ತೆಗೆದವಳಲ್ಲವೇ! ಒಂದು ಹಾಡಿನಲ್ಲಿ 'ಕಿಟಕಿ', ಇನ್ನೊಂದರಲ್ಲಿ 'ಮಂಗಳವಾರ', ಅಷ್ಟು ಸಿಕ್ಕಿತು. ಮಾವ ಅಷ್ಟಕ್ಕೇ ಅವಳ ಬಾಯಿ ಮುಚ್ಚಿಸಿ, "ಬ್ಯಾಡ ಕಣವ್ವ. ನಿಮ್ಮಜ್ಜಿಗೂ ಗೊತ್ತಿರಲಿಲ್ಲ" ಎಂದರು. ಆದರೂ ಅವರಿಗೆ ಒಳಗೊಳಗೇ ಒಂದು ಕುತೂಹಲ. ಒಂದು ಭಾನುವಾರ ಒಗೆದ ಪಂಚೆ ಉಟ್ಟು, ಡಬ್ಬ ಹಿಡಿದು ಹಳೇಬೀಡಿನ ದೇವಸ್ಥಾನದ ಹುಲ್ಲುಹಾಸಿಗೆ ಹೋದರು. ಫ್ರಾನ್ಸಿನಿಂದ ಬಂದ ವಯಸ್ಸಾದ ಗಂಡಹೆಂಡತಿ ಬೆಂಚಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ಅವರೆದುರು ಡಬ್ಬ ಇಟ್ಟು ಸೊಸೆ ಮುನಿಸಿನ ಪದ ಹಾಕಿದರು. ಅವರು ತಲೆಯಾಡಿಸುತ್ತಾ ಕೇಳಿದರು. ಮಾವ ಗೈಡಿನ ಮೂಲಕ, "ಈ ಮಗು ಚೆನ್ನಾಗಿದಾಳಾ? ಮನೆ ಕಡೆ ಎಲ್ಲಾ ಕ್ಷೇಮಾನಾ?" ಎಂದು ವಿಚಾರಿಸಿದರು. ಆ ಫ್ರೆಂಚ್ ಅಜ್ಜ ಏನೋ ಹೇಳಿದರು. ಗೈಡು ನಗುತ್ತಾ ತಿಳಿಸಿದ, "ಅವರ ಮೊಮ್ಮಗಳೂ ಇದನ್ನೇ ಕೇಳ್ತಾಳಂತೆ. ಈ ಕಾಲದ ಹುಡುಗ್ರು ಏನು ಹಾಡ್ತಾವೋ, ನಮಗೆ ಒಂದಕ್ಷರ ತಿಳಿಯಲ್ಲ ಅಂತಿದಾರೆ." ಮಾವ ಪರಮಾನಂದದಿಂದ ಆ ಅಜ್ಜನ ಕೈ ಕುಲುಕಿ ಮನೆಗೆ ಬಂದರು.

ತಾಳದಣ್ಣನೊಬ್ಬರೇ ಇದಕ್ಕೆ ನಗದೇ ಇದ್ದವರು. ಒಂದು ಸಂಜೆ ನನ್ನೆದುರಿಗೇ ಜಗುಲಿಯ ಮೇಲೆ ಕೂತು ಬೈದರು. "ಏನ್ಲಾ, ನಾನು ಹೋದಾಗ್ಲಾದ್ರೂ ಮಂಗಳ ಹಾಡ್ತೀಯೋ, ಇಲ್ಲ ನಿನ್ನ ಡಬ್ಬದ ಮಗೀನೇ ಕರೆಸ್ಬೇಕೋ?"

"ನೀನು ಸಾಯಬ್ಯಾಡ, ಆ ತಾಪತ್ರಯವೇ ಇರಲ್ಲ" ಎಂದರು ಮಾವ.

ತಾಳದಣ್ಣ ಗೆಳೆಯನ ಮಾತನ್ನು ಎಲ್ಲದರಲ್ಲೂ ಕೇಳುತ್ತಿದ್ದರು, ಇದೊಂದರಲ್ಲಿ ಕೇಳಲಿಲ್ಲ. ಹೋದ ಮಾಗಿಯಲ್ಲಿ, ಎಳೆಬಿಸಿಲು ಕಾಯಿಸುತ್ತಾ ಕೂತವರು ಕೂತ ಹಾಗೆಯೇ ಹೋಗಿಬಿಟ್ಟರು. ಸುದ್ದಿ ತಂದವರ ಕೈಯಲ್ಲಿ ಅವರ ಹೆಂಡತಿ ಒಂದು ಮಾತು ಹೇಳಿ ಕಳಿಸಿದ್ದರು. ಮಂಗಳ ಮಾವನೇ ಹಾಡಬೇಕು, ಬೇರೆಯವರು ಹಾಡಿದರೆ ಎತ್ತಗೊಡುವುದಿಲ್ಲ.

ನಾನು ಅರಸೀಕೆರೆಯಿಂದ ಕಾರು ಓಡಿಸಿಕೊಂಡು ಬಂದು ಮಾವನನ್ನು ಹತ್ತಿಸಿಕೊಂಡೆ. ಮಾವ ಹಾರ್ಮೋನಿಯಂ ಅನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮನೆಯಲ್ಲಿ ಹಾಡುತ್ತಿದ್ದ ಡಬ್ಬವನ್ನು ಶುರುವಾದದ್ದು ನಿಲ್ಲಿಸಬಾರದೆಂದು ಹಾಗೆಯೇ ತಂದು ನಮ್ಮಿಬ್ಬರ ನಡುವೆ ಇಟ್ಟಿದ್ದರು. ಹಳೇಬೀಡು ದಾಟಿ ಹಗರೆಯ ರಸ್ತೆ ಹಿಡಿದಾಗ ಒಂಬತ್ತನೆಯದು ನಡೆಯುತ್ತಿತ್ತು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಆಗಲ್ಲ ಕಣವ್ವ. ನಡುವೆ ನಿಂತೋಯ್ತದೆ. ಅವನ್ನೂ ದಾರೀಲಿ ನಿಲ್ಸಿಬಿಡ್ತೀನಿ" ಎಂದರು. ಹಾಡು ಮುಗಿಯಿತು. ಅವರ ಎರಡೂ ಕೈ ಹಾರ್ಮೋನಿಯಂ ಮೇಲಿದ್ದವು, ನಾನೇ ಡಬ್ಬ ಆರಿಸಲು ಕೈ ಚಾಚಿದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇರ್ಲಿ ಬಿಡು. ಹಾಡ್ಲಿ."

ಹತ್ತನೆಯದು ಶುರುವಾಯಿತು. ವಾದ್ಯವಿಲ್ಲ, ಏನಿಲ್ಲ, ಬರೀ ಅವಳ ಗಂಟಲು. ಯಾವುದೋ ಸಣ್ಣ ಕೋಣೆಯಲ್ಲಿ ಒಬ್ಬಳೇ ಕೂತು ಹಾಡಿದ ಹಾಗಿತ್ತು. ನಾಲ್ಕು ಸಾಲು ಹಾಡಿದಳೋ ಇಲ್ಲವೋ, ದನಿ ನಡುಗಿತು. ನಡುಗಿ ನಿಂತೇಹೋಯಿತು. ಮಾವ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಡಬ್ಬದೊಳಗೆ ಮೂಗು ಎಳೆದುಕೊಂಡ ಸದ್ದು, ಚಿಕ್ಕದೊಂದು ನಗು, ಮೆಲ್ಲಗೆ ಏನೋ ಒಂದು ಮಾತು. ಬಹುಶಃ ಕ್ಷಮಿಸಿ ಎಂದಿರಬೇಕು. ಆಮೇಲೆ ಮತ್ತೆ ಮೊದಲಿಂದ ಶುರುಮಾಡಿ, ಈ ಸಲ ಕೊನೆಯವರೆಗೂ ಹಾಡಿ ಮುಗಿಸಿದಳು. ಆಲ್ಬಮ್ ಮಾಡಿದವರು ಆ ತಪ್ಪನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡಿದ್ದರು.

ಮಾವ ನನ್ನ ಕೈ ಬಿಟ್ಟರು. ಆಮೇಲೆ, "ನಿಂತ್ಲು ಕಣವ್ವ" ಎಂದರು. ಇನ್ನೂ ಸ್ವಲ್ಪ ದೂರ ಹೋದಮೇಲೆ, "ಮತ್ತೆ ಎತ್ಕಂಡ್ಲು" ಎಂದರು.

ತಾಳದಣ್ಣನ ಮನೆಯ ಅಂಗಳ ತುಂಬಿತ್ತು. ನೆಂಟರೆಲ್ಲ ಬಂದಾಗಿತ್ತು, ಕಾಯುವುದಕ್ಕೆ ಯಾರೂ ಉಳಿದಿರಲಿಲ್ಲ. ಮೇಳದವರು ಹಾಡುತ್ತಿದ್ದ ಪದ ಮುಗಿಸಿ ಜಾಗ ಬಿಟ್ಟುಕೊಟ್ಟರು. ಮಾವ ಗೆಳೆಯನ ಎದುರು ಕೂತು ಮಂಗಳ ಎತ್ತಿದರು. ಎರಡು ವರ್ಷ ಮುಚ್ಚಿಟ್ಟಿದ್ದ ಹಾಡು ಚೆನ್ನಾಗಿಯೇ ಎದ್ದಿತು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವರು ಹೆದರಿದ್ದು ಹೆದರಿದ ಹಾಗೆಯೇ ಆಯಿತು. ಗಂಟಲು ಕಟ್ಟಿತು, ಹಾಡು ನಿಂತಿತು. ಹಾರ್ಮೋನಿಯಂ ಒಂದು ಮಾತ್ರ ಉಸಿರೆಳೆಯುತ್ತಿತ್ತು. ಇಡೀ ಅಂಗಳ ತಲೆತಗ್ಗಿಸಿ ಕೂತಿತ್ತು. ನಾನು ಕಣ್ಣು ಮುಚ್ಚಿಕೊಂಡೆ, ಮಾವ ಎದ್ದು ಹೋಗುವುದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

ಆಗ ಗಂಡನ ತಲೆಯ ಹತ್ತಿರ ಕೂತಿದ್ದ ಆ ಹೆಣ್ಣುಮಗಳು ಹೇಳಿದರು, "ಮೊದಲಿಂದ ಹೇಳಣ್ಣ. ಅವರಿಗೇನೂ ಅವಸರ ಇಲ್ಲ."

ಮಾವ ಹೆಗಲ ಮೇಲಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮೊದಲಿಂದ ಎತ್ತಿದರು. ದನಿ ಒಡೆಯಿತು, ಒಡೆದರೂ ಬಿಡಲಿಲ್ಲ, ಕೊನೆಯ ನುಡಿಯವರೆಗೂ ಹಾಡಿದರು. ಹೆಗಲು ಕೊಡುವವರು ಎದ್ದರು. ಮಾವನೂ ಎದ್ದು ಒಂದು ಹೆಗಲು ಕೊಟ್ಟರು.

ಮಣ್ಣು ಮುಗಿಸಿಕೊಂಡು ಕಾರಿಗೆ ಬಂದಾಗ ಬಿಸಿಲು ಇಳಿದಿತ್ತು. ಹಾರ್ಮೋನಿಯಂ ಹಿಂದಿನ ಸೀಟಿನಲ್ಲಿಟ್ಟು ಮಾವ ನನ್ನ ಪಕ್ಕ ಕೂತರು. ಊರು ದಾಟಿ, ರಾಗಿ ಕೊಯ್ದ ಹೊಲಗಳ ನಡುವೆ ಬರುತ್ತಿದ್ದಾಗ, ದಾರಿಹೋಕರಿಗೆ ಸಾವಿನ ಸುದ್ದಿ ಹೇಳುತ್ತಾರಲ್ಲ, ಅದೇ ದನಿಯಲ್ಲಿ ಹೇಳಿದರು.

"ನಿಮ್ಮತ್ತೆ ಹೋದ್ಲು ಕಣವ್ವ."

ಎರಡು ವರ್ಷವಾಯಿತಲ್ಲ ಮಾವ ಎಂದು ನನ್ನ ಬಾಯಲ್ಲಿ ಬರಲಿಲ್ಲ. ಸುದ್ದಿ ಕೇಳಿದವರು ಏನು ಕೇಳಬೇಕೋ ಅದನ್ನೇ ಕೇಳಿದೆ.

"ಅಯ್ಯೋ, ಯಾವಾಗ ಮಾವ?"

"ಈಗ್ಲೇ" ಎಂದರು. ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ, ಇಬ್ಬರೂ ಕೂತು ಅತ್ತೆವು.